ಹಳೆಯ ಹಾಯಿದೋಣಿ ಕೊಳ್ಳುವ ಮುನ್ನ

ಪುಣೆಗೆ ಕಡಲಿಲ್ಲ. ಆದರೂ ಖಡಕವಾಸಲಾ ಜಲಾಶಯದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಕೆಡೆಟ್‌ಗಳು ನಡೆಸುವ ಹಾಯಿದೋಣಿಗಳನ್ನು ಕಂಡಾಗ, ಕೊಂಕಣ ತೀರದಗುಂಟ ನಮ್ಮ ಕಾರವಾರದವರೆಗೆ ಸಾಗುವ ಆಸೆ ನಮ್ಮಲ್ಲಿಯೂ ಚಿಗುರುತ್ತದೆ. ಹೊಸ ದೋಣಿ ದುಬಾರಿ. ಕಣ್ಣು ಹಳೆಯದರತ್ತ ಹೊರಳುತ್ತದೆ.

ಹಲ್ಲು ನೋಡದೆ ಎತ್ತು ಕೊಳ್ಳುವ ರೂಢಿ ನಮ್ಮಲ್ಲಿಲ್ಲ. ದೋಣಿಗೂ ಅದೇ ನಿಯಮ. ನೀರಿನಲ್ಲಿ ತೇಲುವ ಚೆಲುವಿಗೆ ಮರುಳಾಗದೆ, ದಡಕ್ಕೆ ಎಳೆಸಿ ನೋಡೋಣ. ಫೈಬರ್‌ಗ್ಲಾಸ್ ಒಡಲನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಗಟ್ಟಿ ಭಾಗ ಸ್ಪಷ್ಟವಾಗಿ ದನಿಗೊಡುತ್ತದೆ; ಪದರ ಬಿಟ್ಟ ಭಾಗದ ದನಿ ಮಂದ. ದೋಣಿ ಮಗುಚದಂತೆ ತಡೆಯುವ ತಳಭಾರವೇ ಕೀಲ್. ಅದು ಒಡಲಿಗೆ ಸೇರುವಲ್ಲಿ ಬಿರುಕು, ತುಕ್ಕಿನ ಕಲೆ ಇದ್ದರೆ ತಜ್ಞರನ್ನು ಕರೆಸದೆ ಮುಂದುವರಿಯಬಾರದು. ಹಾಯಿಕಂಬವನ್ನು ಬಿಗಿದ ಉಕ್ಕಿನ ಹಗ್ಗದಲ್ಲಿ ಒಂದೆಳೆ ಕಡಿದಿದ್ದರೂ ಅದನ್ನು ಬದಲಿಸಲೇಬೇಕು. ಹಾಯಿಯ ಬಟ್ಟೆಯನ್ನು ಬಿಸಿಲು ತಿನ್ನುತ್ತದೆ. ಹೊಲಿಗೆಯನ್ನು ಉಗುರಿನಿಂದ ಕೆದಕಿದಾಗ ದಾರ ತುಂಡಾದರೆ ಅದರ ಆಯುಷ್ಯ ಮುಗಿಯುತ್ತ ಬಂದಿದೆ ಎಂದರ್ಥ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಕಡಲು ಸಣ್ಣ ದೋಣಿಗೆ ಸಲ್ಲದು. ದಡವೇರಿ ನಿಂತ ದೋಣಿಯನ್ನು ಪರೀಕ್ಷಿಸಲು ಅದೇ ಸುಸಮಯ. ದುರಸ್ತಿಯ ವೆಚ್ಚವನ್ನೂ ಕೂಡಿಸಿದ ಮೇಲೆಯೇ ನಿಜವಾದ ಬೆಲೆ ತಿಳಿಯುವುದು. ನಡುಗಡಲಿನಲ್ಲಿ ರಿಪೇರಿ ಅಂಗಡಿಯಿಲ್ಲ. ದೋಣಿಯಲ್ಲಿರುವವರು ನಮ್ಮ ಮಡದಿ ಮಕ್ಕಳು.