ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಬೊಂಡಾಸ್ ಕುಣಿತ

ಜಪಾನಿನ ಹೊಕ್ಕೈಡೊ ದ್ವೀಪದ ದಕ್ಷಿಣದಲ್ಲಿರುವ ಹಕೊಡಾಟೆ ಬಂದರಿನಲ್ಲಿ ತಲೆ ತಗ್ಗಿಸಿ ನಡೆಯುವವರಿಗೇ ಲಾಭ. ಅಲ್ಲಿನ ಮ್ಯಾನ್‌ಹೋಲ್ ಮುಚ್ಚಳಗಳ ಮೇಲೆ ಮೂರು ಬೊಂಡಾಸ್, ಅಂದರೆ ಸ್ಕ್ವಿಡ್, ಸಾಲಾಗಿ ಕುಣಿಯುತ್ತಿರುತ್ತವೆ. ಮಲ್ಪೆ, ಮಂಗಳೂರಿನ ಮನೆಗಳಲ್ಲಿ ಸುಕ್ಕ ಆಗುವ ಬೊಂಡಾಸಿನ ಬಳಗವೇ ಇದು. ಹಕೊಡಾಟೆಯ ಮಟ್ಟಿಗೆ ಅದು ಊರಿನ ಅಧಿಕೃತ ಮೀನು. ಬೆಳಗಿನ ಮಾರುಕಟ್ಟೆಯಲ್ಲಿ ತೊಟ್ಟಿಯಿಂದ ಗಿರಾಕಿಯೇ ಗಾಳ ಹಾಕಿ ಹಿಡಿದರೆ ಅಲ್ಲೇ ಸೀಳಿ ತಟ್ಟೆಗೆ ಹಾಕಿಕೊಡುತ್ತಾರೆ. ಆಗಸ್ಟ್‌ನ ಬಂದರು ಹಬ್ಬದಲ್ಲಿ ಊರವರೆಲ್ಲ ಬೀದಿಗಿಳಿದು ಬೊಂಡಾಸ್ ನೃತ್ಯ ಮಾಡುತ್ತಾರೆ. ಮುಚ್ಚಳದ ಮೇಲಿನ ಮೂವರೂ ಆ ಗುಂಪಿನಿಂದ ತಪ್ಪಿಸಿಕೊಂಡು ಬಂದವರಂತೆಯೇ ಕಾಣುತ್ತಾರೆ.

ಇಂಥ ಚಿತ್ರದ ಮುಚ್ಚಳ ಈಗ ಜಪಾನಿನ ಬಹುತೇಕ ಊರುಗಳಲ್ಲಿದೆ. 1980ರ ದಶಕದಲ್ಲಿ ಸಣ್ಣ ಊರುಗಳಿಗೆ ಒಳಚರಂಡಿ ತರಲು ಸರ್ಕಾರ ಹೊರಟಾಗ ಖರ್ಚು ನೋಡಿ ಜನ ಹಿಂದೇಟು ಹಾಕಿದರು. ನೆಲದಡಿ ಹೂತ ಕೊಳವೆ ಯಾರ ಕಣ್ಣಿಗೆ ಬೀಳಬೇಕು? ಕಾಣುವ ಒಂದೇ ಭಾಗವಾದ ಮುಚ್ಚಳಕ್ಕೆ ಆಯಾ ಊರಿನ ಗುರುತನ್ನೇ ಕೊಡೋಣ ಎಂದವರು ನಿರ್ಮಾಣ ಸಚಿವಾಲಯದ ಅಧಿಕಾರಿ ಯಾಸುತಾಕೆ ಕಮೆಡಾ. ಕಚೇರಿಯ ಕಡತದಿಂದ ಇಷ್ಟು ಚೆಂದದ ಯೋಚನೆ ಹೊರಬರುವುದು ಅಪರೂಪ.

ಮುಚ್ಚಳದ ಅಗಲ ಸುಮಾರು 60 ಸೆಂಟಿಮೀಟರ್, ತೂಕ 40 ಕಿಲೋ ಆಸುಪಾಸು. ಮರಳಿನ ಅಚ್ಚಿಗೆ ಕಾದ ಕಬ್ಬಿಣ ಸುರಿದು ಎರಕ ಹೊಯ್ಯುತ್ತಾರೆ. ಬಣ್ಣದ ಮುಚ್ಚಳವಾದರೆ ತಗ್ಗುಗಳಿಗೆ ಬಣ್ಣದ ರಾಳವನ್ನು ಕೈಯಿಂದಲೇ ತುಂಬುತ್ತಾರೆ. ಬೊಂಡಾಸಿನ ಕೈಕಾಲುಗಳ ಉಬ್ಬುತಗ್ಗು ಬರೀ ಅಂದಕ್ಕಲ್ಲ. ಮಳೆ, ಹಿಮದಲ್ಲಿ ಟೈರು ಜಾರದಂತೆ ಹಿಡಿಯುವುದೂ ಅದೇ. 2016ರಿಂದ ಮುಚ್ಚಳಗಳ ಚಿತ್ರದ ಕಾರ್ಡುಗಳನ್ನು ಉಚಿತವಾಗಿ ಹಂಚುತ್ತಿದ್ದಾರೆ. ಅಂಚೆಯಲ್ಲಿ ಕಳಿಸುವುದಿಲ್ಲ, ಆಯಾ ಊರಿಗೇ ಹೋಗಬೇಕು, ಒಬ್ಬರಿಗೆ ಒಂದೇ. ಅದಕ್ಕಾಗಿಯೇ ರೈಲು ಹತ್ತುವವರಿದ್ದಾರೆ.

ಕಷ್ಟ ಇರುವುದು ಸಮುದ್ರದಲ್ಲಿ. ರಾತ್ರಿ ದೋಣಿಗಳಲ್ಲಿ ಪ್ರಖರ ದೀಪ ಉರಿಸಿ ಹಿಡಿಯುವ ಈ ಬೊಂಡಾಸಿನ ಆಯುಸ್ಸು ಒಂದು ವರ್ಷ. ಮೊಟ್ಟೆಯಿಡುವ ಕಡಲಿನ ನೀರು ಒಂದಿಷ್ಟು ಏರುಪೇರಾದರೂ ಮರುವರ್ಷದ ಬಲೆ ಖಾಲಿ. 2011ರಲ್ಲಿ ಜಪಾನಿನಲ್ಲಿ ಸಿಕ್ಕಿದ್ದು ಎರಡು ಲಕ್ಷ ಟನ್‌ಗೂ ಹೆಚ್ಚು. 2023ರ ಹೊತ್ತಿಗೆ ಅದರ ಹತ್ತನೇ ಒಂದು ಪಾಲಿನ ಸುತ್ತಮುತ್ತ. ಹಕೊಡಾಟೆಯ ಜನಸಂಖ್ಯೆಯೂ ಇಳಿಯುತ್ತಿದೆ. ಒಂದು ಕಾಲಕ್ಕೆ ಮೂರು ಲಕ್ಷ ದಾಟಿದ್ದ ಊರು ಈಗ ಎರಡೂವರೆ ಲಕ್ಷದ ಒಳಗೆ ಬಂದಿದೆ.

ಬೊಂಡಾಸಿನ ಬದಲು ಬಲೆಗೆ ಈಗ ಬೀಳುತ್ತಿರುವುದು ಬೂರಿ ಎಂಬ ದೊಡ್ಡ ಮೀನು. ಅಲ್ಲಿನವರ ಅಡುಗೆಮನೆಗೆ ಅದು ಹೊಸ ನೆಂಟ. ಕರಿದು, ಸಿಹಿ ಸಾಸ್‌ನಲ್ಲಿ ಅದ್ದಿ, ಬ್ರೆಡ್ಡಿನ ನಡುವೆ ಇಟ್ಟು ರೂಢಿ ಮಾಡಿಸುತ್ತಿದ್ದಾರೆ. ಇತ್ತ ಮುಚ್ಚಳಗಳಿಗೂ ಆಯುಸ್ಸಿದೆ. ವಾಹನ ಓಡಾಡುವ ರಸ್ತೆಯಲ್ಲಿ ಮುಚ್ಚಳದ ಬಾಳಿಕೆ 15 ವರ್ಷ, ಕಾಲುದಾರಿಯಲ್ಲಿ 30 ಎಂಬ ಲೆಕ್ಕವಿದೆ. ಈ ಬೊಂಡಾಸ್ ಮುಚ್ಚಳಗಳೂ ಒಂದೊಂದಾಗಿ ಸವೆದು ಬದಲಾಗಲೇಬೇಕು. ಆಗ ಯಾರಾದರೂ ಬೂರಿಯ ಚಿತ್ರ ಸೂಚಿಸಿದರೆ ಅದು ನ್ಯಾಯವೇ. ಆದರೂ ಆ ಮೂರನ್ನು ಕುಣಿಯಲು ಬಿಟ್ಟರೆ ಚೆನ್ನಿತ್ತು.