ಬಿಡಲಾರದ ಒಂದು ಮೈಲಿ

1993ರಲ್ಲಿ ನಡೆದ ಒಂದು ಮೋಟಾರು ಅಪಘಾತದಲ್ಲಿ ರಾನ್ ಹಿಲ್ ಎಂಬ ಆಂಗ್ಲ ಗೃಹಸ್ಥನ ಎದೆಯ ಮೂಳೆ ಮುರಿಯಿತು. ಅಂಥ ಪೆಟ್ಟು ಬಿದ್ದವನಿಗೆ ಉಸಿರೆಳೆದುಕೊಂಡರೂ ನೋವು. ಕೆಮ್ಮಿದರಂತೂ ಪ್ರಾಣ ಹೋಗಿ ಬಂದಂತೆ. ಆದರೂ ಮಾರನೆಯ ದಿನವೇ ಆತ ಎದ್ದು ಹೊರಟು ಒಂದು ಮೈಲಿಯನ್ನು ಮುಗಿಸಿಯೇಬಿಟ್ಟ. ಇನ್ನೊಮ್ಮೆ, ಕಾಲಿನ ಹೆಬ್ಬೆರಳ ಬುಡದ ಗಂಟಿಗೆ ಶಸ್ತ್ರಚಿಕಿತ್ಸೆಯಾಗಿ ಪ್ಲಾಸ್ಟರ್ ಕಟ್ಟಿದ್ದಾಗಲೂ, ಕುಂಟುತ್ತ ಕುಂಟುತ್ತ ಆ ಮೈಲಿಯನ್ನು ಪೂರೈಸಿದ. ಯಾರೂ ಆತನನ್ನು ಅಟ್ಟಿಸಿಕೊಂಡು ಬಂದಿರಲಿಲ್ಲ. ಗೆಲ್ಲಬೇಕಾದ ಪಂದ್ಯವೂ ಎದುರಿಗಿರಲಿಲ್ಲ. ಅಟ್ಟುತ್ತಿದ್ದುದು ಒಂದು ಲೆಕ್ಕ. 1964ನೆಯ ಡಿಸೆಂಬರ್ 20ರಿಂದ ಅಲ್ಲಿಯವರೆಗೆ ಆತ ಓಡದೆ ಕಳೆದ ದಿನ ಒಂದೂ ಇರಲಿಲ್ಲ.

ಹಿಲ್ ಕೇವಲ ಹಟಮಾರಿಯೆಂದು ತಿಳಿಯಬಾರದು. ಲ್ಯಾಂಕಷೈರಿನ ಆಕ್ರಿಂಗ್ಟನ್ ಊರಿನಲ್ಲಿ 1938ರಲ್ಲಿ ಹುಟ್ಟಿದ ಆತ ಜವಳಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ವಿದ್ಯಾವಂತ. ಮುಂದೆ ಓಟಗಾರರ ಉಡುಪುಗಳನ್ನು ತಯಾರಿಸುವ ಸಂಸ್ಥೆಯೊಂದನ್ನು ಕಟ್ಟಿದ ಉದ್ಯಮಿ. 1964ರ ಟೋಕಿಯೋ ಒಲಿಂಪಿಕ್ಸಿಗೆ ದೊಡ್ಡ ಆಸೆಗಳನ್ನಿಟ್ಟುಕೊಂಡು ಹೋಗಿದ್ದ. ಹತ್ತು ಸಾವಿರ ಮೀಟರಿನಲ್ಲಿ ಹದಿನೆಂಟನೆಯವನಾಗಿ, ಮ್ಯಾರಥಾನ್ ಓಟದಲ್ಲಿ ಹತ್ತೊಂಬತ್ತನೆಯವನಾಗಿ ಮರಳಿದ. ಒಂದು ದಿನವೂ ತಪ್ಪದ ಓಟ ಮೊದಲಾದದ್ದು ಅದೇ ವರ್ಷದ ಕೊನೆಯಲ್ಲಿ. ಮೊದಲ ಹಲವು ವರ್ಷಗಳಲ್ಲಿ, ಭಾನುವಾರವೊಂದನ್ನುಳಿದು, ದಿನಕ್ಕೆ ಎರಡು ಸಲ ಓಡುತ್ತಿದ್ದ. ಫಲವೂ ದೊರೆಯಿತು. 1969ರಲ್ಲಿ ಯೂರೋಪಿನ ಮ್ಯಾರಥಾನ್ ಪ್ರಶಸ್ತಿ. 1970ರಲ್ಲಿ ಬಾಸ್ಟನ್ ನಗರದ ಪ್ರಖ್ಯಾತ ಓಟದಲ್ಲಿ ಜಯ. ಅದೇ ವರ್ಷ ಎಡಿನ್‌ಬರೋದ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 2 ಗಂಟೆ 9 ನಿಮಿಷ 28 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನದ ಪದಕ.

ಇಲ್ಲಿಯವರೆಗಿನದನ್ನು ಸಾಧನೆಯೆಂದು ಯಾರೂ ಒಪ್ಪಬಹುದು. ವಿಚಾರಕ್ಕೆ ಎಡೆಯಿರುವುದು ಮುಂದಿನ ಕಾಲದಲ್ಲಿ. ಪದಕಗಳ ಕಾಲ ಮುಗಿಯಿತು, ದೇಹ ಮಾಗಿತು, ಓಟದ ವೇಗ ಇಳಿಯಿತು. ಆದರೆ ಪದಕಕ್ಕಾಗಿ ಹುಟ್ಟಿದ ನೇಮ ಮಾತ್ರ ಇಳಿಯಲೊಲ್ಲದೆ ನಿಂತಿತು. ಹೊಳೆ ದಾಟಿದ ಮೇಲೂ ದೋಣಿಯನ್ನು ತಲೆಯ ಮೇಲೆ ಹೊತ್ತು ನಡೆದಂತೆ, ಆತ ಆ ಮೈಲಿಯನ್ನು ಹೊತ್ತು ನಡೆದ. ದಿನಕ್ಕೆ ಕನಿಷ್ಠ ಒಂದು ಮೈಲಿ, ಎಷ್ಟು ನಿಧಾನವಾದರೂ ಸರಿ. ಅದು ಆತ ತನಗೆ ತಾನೇ ವಿಧಿಸಿಕೊಂಡ ಕಾನೂನು. ಕಾನೂನಿನಲ್ಲಿ ಜ್ವರಕ್ಕೆ ರಿಯಾಯಿತಿಯಿರಲಿಲ್ಲ, ಮುರಿದ ಮೂಳೆಗೂ ಇರಲಿಲ್ಲ.

2017ನೆಯ ಜನವರಿ 28ರಂದು, ಎಪ್ಪತ್ತೆಂಟರ ವಯಸ್ಸಿನಲ್ಲಿ, ಓಟಕ್ಕೆ ಹೊರಟ ಆತನಿಗೆ ನಾನೂರು ಮೀಟರು ಕಳೆಯುವಷ್ಟರಲ್ಲಿ ಎದೆ ನೋಯತೊಡಗಿತು. ಎಂಟುನೂರು ಮೀಟರಿಗೆ ನೋವು ಇನ್ನೂ ಹೆಚ್ಚಿತು. ಸತ್ತೇಹೋಗಬಹುದೆಂದು ಆ ಹೊತ್ತಿನಲ್ಲಿ ತನಗೆ ಅನ್ನಿಸಿತೆಂದು ಆತನೇ ಬಳಿಕ ಹೇಳಿಕೊಂಡ. ಹಾಗೆ ಅನ್ನಿಸಿಯೂ ಆತ ನಿಲ್ಲಲಿಲ್ಲ! 16 ನಿಮಿಷ 34 ಸೆಕೆಂಡುಗಳಲ್ಲಿ ಮೈಲಿಯನ್ನು ಮುಗಿಸಿದ ಮೇಲೆಯೇ ನಿಂತ. ಮಾರನೆಯ ದಿನ ಓಡಲಿಲ್ಲ. 52 ವರ್ಷ 39 ದಿನಗಳ ಸರಪಳಿ ಅಲ್ಲಿಗೆ ಕಡಿಯಿತು. ಹೆಂಡತಿಗೆ, ಕುಟುಂಬಕ್ಕೆ, ಸ್ನೇಹಿತರಿಗೆ, ಕೊನೆಗೆ ತನಗೆ ತಾನು ಸಲ್ಲಿಸಬೇಕಾದ ಋಣವಿದು ಎಂಬುದು ಆತ ಕೊಟ್ಟ ಕಾರಣ. ನಾಲ್ಕು ವರ್ಷಗಳ ಮೇಲೆ, 2021ರ ಮೇ ತಿಂಗಳಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡ.

ಹಿಲ್‌ನನ್ನು ರೋಗಿಯೆಂದು ಕರೆಯುವ ಅಧಿಕಾರ ಯಾರಿಗೂ ಇಲ್ಲ. ಲೋಕ ಆತನನ್ನು ಮೆಚ್ಚಿತು. ಮೆಚ್ಚತಕ್ಕ ಮನುಷ್ಯನೇ ಆತ. ಆದರೂ ಆ ಕೊನೆಯ ಮೈಲಿಯ ಎರಡನೆಯ ಅರ್ಧವನ್ನು ನೆನೆದಾಗ ಒಂದು ಪ್ರಶ್ನೆ ಏಳುತ್ತದೆ: ಓಡುತ್ತಿದ್ದವನು ಮನುಷ್ಯನೋ, ಮನುಷ್ಯನನ್ನು ಏರಿ ಓಡಿಸುತ್ತಿದ್ದ ನೇಮವೋ?

ಕನ್ನಡದಲ್ಲಿ ಈ ಸಂಗತಿಗೆ ಮಾತುಗಳ ಬಡತನವಿಲ್ಲ. ಅಭ್ಯಾಸ, ಹವ್ಯಾಸ, ಚಟ, ಗೀಳು, ವ್ಯಸನ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬಹುದು. ವ್ಯಸನವೆಂಬ ಶಬ್ದಕ್ಕೆ ದುಃಖವೆಂಬ ಅರ್ಥವೂ ಉಂಟೆಂಬುದನ್ನು ಗಮನಿಸಬೇಕು. ಬಿಡಲಾರದ ಚಟಕ್ಕೂ ಮನಸ್ಸಿನ ಸಂಕಟಕ್ಕೂ ಹಿರಿಯರು ಒಂದೇ ಹೆಸರನ್ನಿಟ್ಟದ್ದು ಸುಮ್ಮನೆ ಇರಲಾರದು. ಕುಡಿತ ಜೂಜುಗಳಿಗೆ ಈ ಮಾತು ಸಲ್ಲುತ್ತದೆಂದು ಎಲ್ಲರೂ ಒಪ್ಪುವರು. ಬೆಳಗಿನ ಜಾವ ಎದ್ದು ಬೆವರು ಸುರಿಸುವ ಸತ್ಪುರುಷನಿಗೂ ಸಲ್ಲೀತೇ?

ಈ ಶಂಕೆ ಪಾಶ್ಚಾತ್ಯ ವೈದ್ಯರಿಗೆ ಹೊಳೆದದ್ದು ಒಂದು ಸ್ವಾರಸ್ಯದ ಪ್ರಸಂಗದಿಂದ. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಫ್ರೆಡರಿಕ್ ಬೇಕ್‌ಲ್ಯಾಂಡ್ ಎಂಬ ಮನೋವೈದ್ಯ ನಿದ್ರೆಯನ್ನು ಕುರಿತು ಸಂಶೋಧನೆ ನಡೆಸುತ್ತಿದ್ದ. ವ್ಯಾಯಾಮ ಮಾಡುವವರು ಒಂದು ತಿಂಗಳು ಅದನ್ನು ನಿಲ್ಲಿಸಿದರೆ ಅವರ ನಿದ್ರೆ ಏನಾಗುವುದೆಂದು ನೋಡಬೇಕೆಂಬುದು ಆತನ ಇಚ್ಛೆ. ಹಣ ಕೊಡುವೆನೆಂದ. ದಿನವೂ ವ್ಯಾಯಾಮ ಮಾಡುತ್ತಿದ್ದವರು, ಎಷ್ಟು ಹಣ ಕೊಟ್ಟರೂ ತಮ್ಮಿಂದಾಗದೆಂದು ಕೈಮುಗಿದರು. ಕಡೆಗೆ ವಾರಕ್ಕೆ ಮೂರು ನಾಲ್ಕು ದಿನ ಮಾತ್ರ ವ್ಯಾಯಾಮ ಮಾಡುವವರನ್ನು ಸೇರಿಸಿಕೊಂಡು ಆತ ಕೆಲಸ ನಡೆಸಬೇಕಾಯಿತು. ಅವರಿಗೂ ಆ ತಿಂಗಳು ಸುಖವಾಗಿ ಕಳೆಯಲಿಲ್ಲ. ನಿದ್ರೆ ಕೆಟ್ಟಿತು, ಮನಸ್ಸಿಗೆ ತಳಮಳ ಹತ್ತಿತು. 1970ರಲ್ಲಿ ಪ್ರಕಟವಾದ ಆ ಪ್ರಬಂಧದಲ್ಲಿ, ಬಂದವರ ನಿದ್ರೆಗಿಂತ ಬಾರದವರ ನಿರಾಕರಣೆಯೇ ಮುಂದಿನ ಸಂಶೋಧಕರ ಗಮನ ಸೆಳೆಯಿತು.

ಮೊದಲಲ್ಲಿ ಇದನ್ನು ಗುಣವೆಂದೇ ಎಣಿಸಿದವರಿದ್ದರು. ವಿಲಿಯಂ ಗ್ಲಾಸರ್ ಎಂಬ ಅಮೆರಿಕದ ಮನೋವೈದ್ಯ 1976ರಲ್ಲಿ, ಓಟದಂಥ ಚಟಗಳು ಮನುಷ್ಯನನ್ನು ಬಲಪಡಿಸುವ ಒಳ್ಳೆಯ ಚಟಗಳೆಂದು ಒಂದು ಪುಸ್ತಕವನ್ನೇ ಬರೆದ. ಮೂರು ವರ್ಷ ಕಳೆಯುವುದರೊಳಗೆ ವಿಲಿಯಂ ಮಾರ್ಗನ್ ಎಂಬ ಇನ್ನೊಬ್ಬ ವಿದ್ವಾಂಸ ನಾಣ್ಯದ ಮತ್ತೊಂದು ಮುಖವನ್ನು ತೋರಿಸಿದ. ಉದ್ಯೋಗಕ್ಕೆ ಕೇಡಾದರೂ, ಮನೆಯಲ್ಲಿ ಮಾತು ನಿಂತರೂ, ಮೂಳೆಯಲ್ಲಿ ಬಿರುಕು ಬಿಟ್ಟು ವೈದ್ಯರು ಬೇಡವೆಂದರೂ, ಓಡದಿರಲಾರದವರನ್ನು ಆತ ಕಂಡಿದ್ದ. ಇಂದಿಗೂ ವೈದ್ಯರ ಅಧಿಕೃತ ರೋಗಪಟ್ಟಿಗಳಲ್ಲಿ ವ್ಯಾಯಾಮದ ವ್ಯಸನಕ್ಕೆ ಪ್ರತ್ಯೇಕ ಸ್ಥಾನ ದೊರೆತಿಲ್ಲ. ಆದರೆ ಅದನ್ನು ಗುರುತಿಸುವ ಪ್ರಶ್ನಾವಳಿಗಳು ಹುಟ್ಟಿಕೊಂಡಿವೆ. 2004ರಲ್ಲಿ ಇಂಗ್ಲೆಂಡಿನ ಮೂವರು ಸಂಶೋಧಕರು ರಚಿಸಿದ ಒಂದರಲ್ಲಿ ಆರೇ ಅಂಶಗಳು. ಬಾಳಿನಲ್ಲಿ ವ್ಯಾಯಾಮಕ್ಕಿಂತ ದೊಡ್ಡದು ಬೇರೆ ಇಲ್ಲವೆನಿಸುವುದು. ಮನಸ್ಸು ಕೆಟ್ಟಾಗಲೆಲ್ಲ ಅದರ ಮೊರೆ ಹೋಗುವುದು. ದಿನದಿನಕ್ಕೂ ಪ್ರಮಾಣ ಏರುವುದು. ಒಂದು ದಿನ ತಪ್ಪಿದರೆ ಸಿಡುಕು. ಕಡಮೆ ಮಾಡಿದರೂ ಮತ್ತೆ ಹಳೆಯ ಮಟ್ಟಕ್ಕೇ ಮರಳುವುದು. ಮತ್ತು ಮನೆಯವರೊಡನೆ ಜಗಳ.

ಎಷ್ಟು ಗಂಟೆ, ಎಷ್ಟು ಮೈಲಿ ಎಂಬ ಪ್ರಶ್ನೆ ಇಲ್ಲಿ ಇಲ್ಲವೇ ಇಲ್ಲ. ದಿನಕ್ಕೆ ನಾಲ್ಕು ಗಂಟೆ ಸಾಧನೆ ಮಾಡುವ ಕ್ರೀಡಾಪಟು ಸ್ವಸ್ಥನಾಗಿರಬಹುದು. ಮುಕ್ಕಾಲು ಗಂಟೆ ನಡೆಯುವ ಗುಮಾಸ್ತ ಗೀಳಿಗೆ ಸಿಕ್ಕಿರಬಹುದು. ತಂಗಿಯ ಮದುವೆಯ ಧಾರೆಯ ಮುಹೂರ್ತ ಬೆಳಗಿನ ಆರೂವರೆಗೆ ಎಂದು ಕೇಳಿದೊಡನೆ, 'ಹಾಗಾದರೆ ನನ್ನ ವಾಕಿಂಗು?' ಎಂಬ ಮಾತು ಯಾರ ಬಾಯಿಂದ ಹೊರಡುವುದೋ ಅವರ ವಿಷಯದಲ್ಲಿ ಮನೆಯವರು ಸ್ವಲ್ಪ ಯೋಚಿಸುವುದು ಒಳ್ಳೆಯದು. ಆರು ಅಂಶಗಳಲ್ಲಿ ಐದನ್ನು ವ್ಯಕ್ತಿಯೇ ಬಲ್ಲ. ಆರನೆಯದನ್ನು ಮಾತ್ರ ಅವನಿಗಿಂತ ಮೊದಲು ಹೆಂಡತಿ ಮಕ್ಕಳು ಬಲ್ಲರು.

ಈ ಎಚ್ಚರಿಕೆ ಪಶ್ಚಿಮದ ಹೊಸ ಸಂಶೋಧನೆಯೆಂದು ಬೆರಗಾಗಬೇಕಾಗಿಲ್ಲ. ವ್ಯಾಯಾಮವನ್ನು ಅರ್ಧಶಕ್ತಿಯಿಂದ ಮಾತ್ರ ಮಾಡಬೇಕು, ಮೀರಿದರೆ ಅದು ಕೊಲ್ಲುತ್ತದೆ ಎಂದು ಸುಶ್ರುತನೇ ವಿಧಿಸಿದ್ದಾನೆ. ಅರ್ಧಶಕ್ತಿಯನ್ನು ಅಳೆಯುವುದಕ್ಕೆ ಆತ ಯಂತ್ರವನ್ನೇನೂ ಹೇಳಲಿಲ್ಲ. ಎದೆಯಲ್ಲಿದ್ದ ಉಸಿರು ಬಾಯಿಗೆ ಬಂದಿತೆಂದರೆ ಅಲ್ಲಿಗೆ ಸಾಕು. 'ಅಷ್ಟಾಂಗಹೃದಯ'ದ ವಾಗ್ಭಟ ಇನ್ನೂ ಸೂಕ್ಷ್ಮವಾಗಿ ವಿಂಗಡಿಸುತ್ತಾನೆ: ಬಲವುಳ್ಳವರು, ಜಿಡ್ಡಿನ ಆಹಾರ ಉಣ್ಣುವವರು, ಅವರೂ ಚಳಿಗಾಲ ವಸಂತಗಳಲ್ಲಿ ಅರ್ಧಶಕ್ತಿಯಷ್ಟು ಮಾಡಬೇಕು, ಉಳಿದ ಕಾಲದಲ್ಲಿ ಇನ್ನೂ ಮೆಲ್ಲಗೆ. ಮಿತಿಮೀರಿದವನಿಗೆ ಬಾಯಾರಿಕೆ, ಕ್ಷಯ, ಉಬ್ಬಸ, ಜ್ವರ ಮೊದಲಾದವು ಕಾದಿರುತ್ತವೆ. ಆತನ ಉಪಮಾನವಂತೂ ಮರೆಯುವಂಥದಲ್ಲ. ವ್ಯಾಯಾಮ, ಜಾಗರಣೆ, ದಾರಿ ನಡೆಯುವುದು ಮುಂತಾದವುಗಳಲ್ಲಿ ಅತಿಸಾಹಸ ಮಾಡುವವನು, ಆನೆಯನ್ನು ಎಳೆಯಹೋದ ಸಿಂಹದಂತೆ ನಾಶವಾಗುತ್ತಾನಂತೆ. ಅತಿಯಾದ ಮಾತೂ ಆ ಪಟ್ಟಿಯಲ್ಲಿ ಸೇರಿರುವುದನ್ನು ಅಧ್ಯಾಪಕರೂ ರಾಜಕಾರಣಿಗಳೂ ಗಮನಿಸಬಹುದು.

ಸುಶ್ರುತನ ಅಳತೆಗೋಲು ಉಸಿರು. ಇಂದಿನ ಅಳತೆಗೋಲು ಅಂಕಿ. ಹಿಲ್ ಸೋತು ಮರಳಿದ ಟೋಕಿಯೋ ಒಲಿಂಪಿಕ್ಸೇ ಈ ಅಂಕಿಗೂ ತವರು ಎಂಬುದೊಂದು ಸೋಜಿಗ. ಆ ಕ್ರೀಡೆಗಳಿಂದ ಜಪಾನಿನಲ್ಲಿ ಆರೋಗ್ಯದ ಉತ್ಸಾಹ ಎದ್ದಿತು. ಅದನ್ನು ಕಂಡು ಯಾಮಾಸಾ ಎಂಬ ಗಡಿಯಾರದ ಕಂಪನಿ 1965ರಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರಾಟಕ್ಕೆ ತಂದು 'ಹತ್ತು ಸಾವಿರ ಹೆಜ್ಜೆಯ ಮಾಪಕ' ಎಂಬರ್ಥದ ಹೆಸರನ್ನಿಟ್ಟಿತು. ಹತ್ತು ಸಾವಿರವೆಂಬ ಸಂಖ್ಯೆ ವೈದ್ಯರ ಪ್ರಯೋಗದಿಂದ ಇಳಿದುಬಂದದ್ದಲ್ಲ. ಕಿವಿಗೆ ಇಂಪಾದ ದುಂಡು ಸಂಖ್ಯೆ, ವ್ಯಾಪಾರಕ್ಕೆ ಒಪ್ಪುವ ಹೆಸರು. ಹಾರ್ವರ್ಡಿನ ಐ-ಮಿನ್ ಲೀ ಎಂಬ ವಿದುಷಿ 2019ರಲ್ಲಿ, ಸರಾಸರಿ ಎಪ್ಪತ್ತೆರಡು ವರ್ಷದ 16,741 ಮಂದಿ ಸ್ತ್ರೀಯರ ಹೆಜ್ಜೆಗಳನ್ನು ಎಣಿಸಿ ನೋಡಿದಳು. ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ, 2,700ರ ಆಸುಪಾಸಿನವರಿಗಿಂತ ಸಾವಿನ ಪ್ರಮಾಣ ಎಷ್ಟೋ ಕಡಮೆಯಿತ್ತು. 7,500ರ ಸುಮಾರಿಗೆ ಬಂದ ಮೇಲೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದೂ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮವನ್ನು, ದಿನದ ಲೆಕ್ಕವನ್ನಲ್ಲ.

ಆದರೆ ಅಂಕಿಯ ಮುಂದೆ ತರ್ಕ ನಡೆಯುವುದೇ? ರಾತ್ರಿ ಹತ್ತೂವರೆ. ಊಟ ಮುಗಿದು ಮಕ್ಕಳು ಮಲಗಿದ್ದಾರೆ. ಯಜಮಾನರು ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಜಾರಕ್ಕೆ, ಕೈಯಲ್ಲಿ ಫೋನು ಹಿಡಿದು ಓಡಾಡುತ್ತಿದ್ದಾರೆ. ಎಂಟುನೂರ ನಲವತ್ತು ಹೆಜ್ಜೆ ಬಾಕಿ. 'ಆಯಾಸವಾಗಿದ್ದರೆ ಮಲಗಬಾರದೇ?' ಎಂದು ಮನೆಯಾಕೆ ಕೇಳಿದರೆ, ಎಣಿಕೆ ತಪ್ಪಿಸಿದಳೆಂಬ ಕೋಪ. ಎಣಿಸುತ್ತಿರುವುದು ಯಂತ್ರ, ಅವರಲ್ಲ ಎಂಬುದು ಆ ಗಳಿಗೆಯಲ್ಲಿ ಅವರ ನೆನಪಿಗೆ ಬಾರದು.

ಇದಿಷ್ಟೇ ಆದರೆ ನಕ್ಕು ಬಿಡಬಹುದಾಗಿತ್ತು. ಕೆಲವು ಮನೆಗಳಲ್ಲಿ ನಗುವಂಥದಲ್ಲ. ಹದಿಹರೆಯದ ಹುಡುಗಿ, ಅಪರೂಪಕ್ಕೆ ಹುಡುಗ, ಊಟವನ್ನು ದಿನದಿನಕ್ಕೂ ಇಳಿಸುತ್ತ ವ್ಯಾಯಾಮವನ್ನು ಏರಿಸುತ್ತ ಹೋಗುವುದುಂಟು. ಉಂಡದ್ದಕ್ಕೆ ದಂಡ ತೆರುವಂತೆ ಬೆವರು ಸುರಿಸುವುದುಂಟು. ಬೇಕಾದಷ್ಟು ಅನ್ನ ದೊರೆಯದ ದೇಹ ಮೊದಲು ಬದುಕಿಗೆ ತುರ್ತಲ್ಲದ ಕೆಲಸಗಳನ್ನು ನಿಲ್ಲಿಸುತ್ತದೆ. ಹುಡುಗಿಯರಲ್ಲಿ ಮುಟ್ಟು ನಿಲ್ಲುತ್ತದೆ. ಮೂಳೆ ಸವೆಯುತ್ತದೆ, ಪೆಟ್ಟು ಬೀಳದೆಯೂ ಬಿರುಕು ಬಿಡುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟು, ಇದು ಗಂಡಸರಿಗೂ ತಗಲುವುದೆಂದು ಎಚ್ಚರಿಸಿತು. ಮಗಳು ತೆಳ್ಳಗಾದಳೆಂದು ಬಂಧುಗಳು ಹೊಗಳುವ ಕಾಲದಲ್ಲೇ ತಾಯಿ ವೈದ್ಯರ ಬಳಿಗೆ ಹೋಗಬೇಕಾದ ಸಂದರ್ಭ ಇದು. ಹೊಗಳಿಕೆಯೇ ಈ ಗೀಳಿನ ದೊಡ್ಡ ಅಪಾಯ. ಕುಡುಕನನ್ನು ಯಾರೂ ಶಿಸ್ತಿನ ಮನುಷ್ಯನೆಂದು ಕೊಂಡಾಡುವುದಿಲ್ಲವಲ್ಲ.

ಇನ್ನೊಂದು ಅಪಾಯ, ವ್ಯಾಯಾಮವನ್ನು ರಕ್ಷೆಯ ತಾಯಿತವೆಂದು ನಂಬುವುದು. ಅಮೆರಿಕದಲ್ಲಿ ಲಕ್ಷಾಂತರ ಜನರನ್ನು ಬೀದಿಗಿಳಿಸಿ ಓಡಿಸಿದ 1977ರ ಪುಸ್ತಕದ ಕರ್ತೃ ಜಿಮ್ ಫಿಕ್ಸ್. ಮೊದಲು ಸಿಗರೇಟು ಸೇದುತ್ತ ಮೈ ಬೆಳೆಸಿಕೊಂಡಿದ್ದ ಆತ ಓಟಕ್ಕಿಳಿದು ಹೊಸ ಮನುಷ್ಯನಾದ. ಆತನ ತಂದೆಗೆ ಮೂವತ್ತೈದರಲ್ಲಿ ಹೃದಯಾಘಾತವಾಗಿ, ನಲವತ್ತಮೂರರಲ್ಲಿ ಮರಣವಾಗಿತ್ತು. ಹೃದಯವನ್ನು ಪರೀಕ್ಷಿಸಿಕೊಳ್ಳೆಂದು ಪ್ರಸಿದ್ಧ ವೈದ್ಯ ಕೆನೆತ್ ಕೂಪರ್ ಕರೆದರೂ ಫಿಕ್ಸ್ ಒಪ್ಪಲಿಲ್ಲ. 1984ರ ಜುಲೈ 20ರಂದು ವರ್ಮಾಂಟಿನ ಹಾರ್ಡ್‌ವಿಕ್ ಎಂಬಲ್ಲಿ ಓಡುತ್ತಿದ್ದಾಗಲೇ ಕುಸಿದು ಸತ್ತ. ಐವತ್ತೆರಡು ವರ್ಷ. ರಕ್ತನಾಳಗಳು ಮುಚ್ಚಿಹೋಗಿದ್ದವೆಂದು ಶವಪರೀಕ್ಷೆ ತಿಳಿಸಿತು. ಓಟವೇ ಆತನನ್ನು ಕೊಂದಿತೆಂದು ಸೋಮಾರಿಗಳು ಸಂತೋಷಪಟ್ಟರು. ಅದು ಅನ್ಯಾಯದ ಮಾತು. ತಂದೆಗಿಂತ ಒಂಬತ್ತು ವರ್ಷ ಹೆಚ್ಚು ಬದುಕಿದ್ದು ಓಟದ ಕೃಪೆಯೇ ಇರಬಹುದು. ಓಡಬಲ್ಲೆನೆಂಬುದನ್ನೇ ಆರೋಗ್ಯಕ್ಕೆ ಪ್ರಮಾಣಪತ್ರವೆಂದು ತಿಳಿದದ್ದು ಆತನ ತಪ್ಪು.

ಗೀಳಿಗೆ ಸಿಕ್ಕವರನ್ನು ಉಪಚರಿಸುವ ಮನೋವೈದ್ಯರು ಕುಡಿತವನ್ನು ಬಿಡಿಸುವ ಹಾಗೆ ಪೂರ್ತಿ ಬಿಡಿ ಎನ್ನುವುದು ಅಪರೂಪ, ಏಕೆಂದರೆ ವ್ಯಾಯಾಮ ದೇಹಕ್ಕೆ ಬೇಕೇ ಬೇಕು. ವಾರದಲ್ಲಿ ಬಿಡುವಿನ ದಿನವೊಂದನ್ನು ಗೊತ್ತುಪಡಿಸಿ, ಆ ದಿನ ಏಳುವ ತಳಮಳವನ್ನು ಸಹಿಸುವುದನ್ನು ಕಲಿಸುತ್ತಾರೆ. ತಳಮಳದ ಅಡಿಯಲ್ಲಿ ಅಡಗಿರುವ ಚಿಂತೆ ಯಾವುದೆಂದು ಕೆದಕುತ್ತಾರೆ. ಯಂತ್ರ ಮಾಡುವವರಿಗೂ ಈ ಬುದ್ಧಿ ತಡವಾಗಿಯಾದರೂ ಬಂದಿದೆ. ದಿನವೂ ಮೂರು ಬಣ್ಣದ ಉಂಗುರಗಳನ್ನು ಪೂರ್ತಿ ಮಾಡಬೇಕೆಂದು ಮಣಿಕಟ್ಟಿನಿಂದಲೇ ಒತ್ತಾಯಿಸುವ ಆಪಲ್ ಕಂಪನಿಯ ಕೈಗಡಿಯಾರ 2015ರಲ್ಲಿ ಪೇಟೆಗೆ ಬಂತು. ಕಾಯಿಲೆಯಾದಾಗಲೋ ದಣಿದಾಗಲೋ, ಸರಪಳಿ ಕಡಿಯದಂತೆ, ಒಂದು ದಿನ ರಜೆ ಪಡೆಯುವ ಸೌಕರ್ಯವನ್ನು ಅದರಲ್ಲಿ ಸೇರಿಸಿದ್ದು 2024ರಲ್ಲಿ.