ಖಾಲಿ ತೋಟಾಗಳ ಮಜ್ಜನ

ಗುಂಡು ಹಾರಿದ ಮೇಲೆ ಬಂದೂಕಿನಿಂದ ಹೊರಬಿದ್ದ ಖಾಲಿ ತೋಟಾವನ್ನು ಕಸವೆಂದೆಣಿಸದೆ, ಆಯ್ದು ತಂದು, ತೊಳೆದು ಬೆಳಗಿ, ಅದರೊಳಗೆ ಮರಳಿ ಮದ್ದು ತುಂಬಿ ಗುಂಡನ್ನು ಕೂರಿಸುವ ಹವ್ಯಾಸವೊಂದು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸುಮಾರು ಒಂದೂವರೆ ಶತಮಾನದಿಂದ ನಡೆದುಬಂದಿದೆ. ತೋಟಾದ ಅಂಗಗಳು ನಾಲ್ಕು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿದ್ದು ಕಿಡಿ ಕೊಡುವ ಪ್ರೈಮರು, ಒಳಗಿನ ಮದ್ದು, ಬಾಯಲ್ಲಿ ಬಿಗಿದ ಗುಂಡು. ಇವುಗಳಲ್ಲಿ ಮೂರು ಕ್ಷಣಮಾತ್ರದಲ್ಲಿ ವ್ಯಯವಾಗಿಹೋಗುತ್ತವೆ. ಉಳಿಯುವುದು ಕೋಶವೊಂದೇ, ಮತ್ತು ಸಾಮಾನ್ಯವಾಗಿ ನಾಲ್ಕರಲ್ಲಿ ಹೆಚ್ಚು ಬೆಲೆಯುಳ್ಳದ್ದೂ ಅದೇ. ಮಿತವ್ಯಯದ ಈ ಲೆಕ್ಕಾಚಾರವೇ ಕಸುಬಿನ ಮೂಲ. 1870ರ ದಶಕದಲ್ಲಿ ಪಶ್ಚಿಮದ ಹುಲ್ಲುಗಾವಲುಗಳಲ್ಲಿ ಬೈಸನ್ ಬೇಟೆಗೆ ಹೊರಟವರು, ಅಂಗಡಿಗಳು ಬಹುದೂರವಿದ್ದುದರಿಂದ, ಬಿಡಾರದಲ್ಲಿಯೇ ಕುಳಿತು ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಿದ್ದರು. 1884ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ಜಾನ್ ಬಾರ್ಲೊ ಎಂಬಾತನು ಐಡಿಯಲ್ ಎಂಬ ಹೆಸರಿನ ಕಾರ್ಖಾನೆಯನ್ನು ತೆರೆದು, ಈ ಕೆಲಸಕ್ಕೆಂದೇ ಇಕ್ಕಳದ ಆಕಾರದ ಕೈಸಲಕರಣೆಗಳನ್ನು ಮಾಡಿ ಮಾರತೊಡಗಿದನು. ಆ ಕಾರ್ಖಾನೆಯು 1925ರಲ್ಲಿ ಲೈಮನ್ ಕಂಪನಿಯ ಪಾಲಾಯಿತು. ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಆಯುಧ ಅಧಿನಿಯಮದಂತೆ ಅಪರಾಧವಾದುದರಿಂದ, ಇಲ್ಲಿ ವಿವರಿಸುವುದು ಅಲ್ಲಿನವರ ಕಸುಬನ್ನೆಂದೂ, ಅದರಲ್ಲಿಯೂ ಶುಚಿಗೊಳಿಸುವ ಭಾಗವನ್ನಷ್ಟೇ ಎಂದೂ ಓದುಗರು ಭಾವಿಸತಕ್ಕದ್ದು.

ಹೊರಗಿನವನಿಗೆ ಇದು ಕೇವಲ ಹೊಳಪಿನ ವ್ಯಾಮೋಹವೆಂದು ತೋರಬಹುದು. ಹೊಳಪಿನ ವ್ಯಾಮೋಹ ಅವರಿಗೆ ಇಲ್ಲವೆಂದೂ ಹೇಳಲಾರೆ. ಆದರೆ ಮೂಲ ಕಾರಣ ಬೇರೆಯದು. ಮದ್ದು ಹೊತ್ತಿದ ಕ್ಷಣದಲ್ಲಿ ಹಿತ್ತಾಳೆಯು ಹಿಗ್ಗಿ ಬಂದೂಕಿನ ಗೂಡಿನ ಗೋಡೆಗೆ ಒತ್ತಿಕೊಂಡು ಅನಿಲವನ್ನು ಹಿಂದಕ್ಕೆ ಸೋರಗೊಡದೆ ತಡೆಯುತ್ತದೆ. ಆಮೇಲೆ ತುಸು ಕುಗ್ಗಿದರೂ ಮೊದಲಿನ ಅಳತೆಗೆ ಬಾರದು. ಆದ್ದರಿಂದ ಅದನ್ನು ಡೈ ಎಂಬ ಗಟ್ಟಿ ಉಕ್ಕಿನ ಅಚ್ಚಿನೊಳಕ್ಕೆ ಒತ್ತಿ ಹಳೆಯ ಆಕಾರಕ್ಕೆ ತರಬೇಕಾಗುತ್ತದೆ. ನೆಲಕ್ಕೆ ಬಿದ್ದ ಕೋಶಕ್ಕೆ ಅಂಟಿದ ಒಂದು ಮರಳಿನ ಹರಳು ಆ ಅಚ್ಚಿನೊಳಗೆ ಹೊಕ್ಕಿತೆಂದರೆ, ಅಚ್ಚಿನ ಮೈಯಲ್ಲಿ ಗೀರು ಬಿದ್ದು, ಮುಂದೆ ಅದರಲ್ಲಿ ಹಾದುಹೋಗುವ ಪ್ರತಿಯೊಂದು ಕೋಶದ ಮೇಲೂ ಆ ಗೀರೇ ಮೂಡುತ್ತದೆ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಮಸಿಯ ಕೆಳಗೆ ಅಡಗಿದ ಕೂದಲೆಳೆಯ ಬಿರುಕು ಕಣ್ಣಿಗೆ ಕಾಣದು.

ಕರಿಮದ್ದಿನ ಕಾಲದಲ್ಲಿ ಶುದ್ಧಿಯೆಂಬುದು ತುರ್ತಿನ ಕಾರ್ಯವಾಗಿತ್ತು; ಆ ಮದ್ದು ಬಿಟ್ಟುಹೋಗುವ ಕಿಟ್ಟವು ಗಾಳಿಯ ತೇವವನ್ನು ಹೀರಿ ಲೋಹವನ್ನು ತಿನ್ನುತ್ತದಾಗಿ, ಕೋಶಗಳನ್ನು ತಡಮಾಡದೆ ಸಾಬೂನಿನ ಬಿಸಿನೀರಿಗೆ ಹಾಕಿ ಕುಂಚದಿಂದ ಉಜ್ಜಬೇಕಾಗಿತ್ತು. ಹೊಗೆಯಿಲ್ಲದ ಮದ್ದು ಬಂದ ಮೇಲೆ ಈ ಆತುರ ತಪ್ಪಿತು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಸ್ಪ್ರಿಂಗುಗಳ ಮೇಲೆ ಕುಳಿತು ಗುಡುಗುಡು ಅದುರುವ ಟಂಬ್ಲರ್ ಎಂಬ ಬೋಗುಣಿ. ಅದರಲ್ಲಿ ಪುಡಿಮಾಡಿದ ಅಕ್ರೋಟಿನ ಚಿಪ್ಪನ್ನೋ ಮುಸುಕಿನ ಜೋಳದ ದಿಂಡನ್ನೋ ತುಂಬಿ ಕೋಶಗಳನ್ನು ಸುರಿದು ಎರಡು ಮೂರು ತಾಸು ಬಿಟ್ಟರೆ ಕೆಲಸ ತಾನೇ ಆಗುತ್ತದೆ. ಚಿಪ್ಪು ಒರಟು, ಕೊಳೆಯನ್ನು ಕೀಳುತ್ತದೆ. ದಿಂಡು ನಯ, ಮೆರುಗನ್ನು ಕೊಡುತ್ತದೆ. ಇನ್ನೊಂದು ಕ್ರಮದಲ್ಲಿ, ಕಲ್ಲುಗಳಿಗೆ ಹೊಳಪು ಕೊಡುವ ಹವ್ಯಾಸಿಗಳಿಂದ ಎರವಲು ತಂದ ಉರುಳುವ ಪೀಪಾಯಿಯಲ್ಲಿ ನೀರು, ಪಾತ್ರೆ ತೊಳೆಯುವ ಸಾಬೂನು, ಚಿಟಿಕೆ ಸಿಟ್ರಿಕ್ ಆಮ್ಲ, ಇವುಗಳೊಡನೆ ಒಂದು ಮಿಲಿಮೀಟರಿಗಿಂತ ತುಸು ದಪ್ಪನಾದ ತುಕ್ಕುಹಿಡಿಯದ ಉಕ್ಕಿನ ಕಡ್ಡಿಗಳನ್ನು ಹಾಕುತ್ತಾರೆ. ಈ ಕಡ್ಡಿಗಳು ಪ್ರೈಮರಿನ ಗುಳಿಯೊಳಕ್ಕೂ ನುಸುಳಿ ಮಸಿಯನ್ನು ಕೆರೆದು ತರುವುದರಿಂದ, ಕೋಶವು ಒಳಹೊರಗೆ ಹೊಸದರಂತೆ ಹೊರಬರುತ್ತದೆ.

ಆ ಚಿಟಿಕೆ ಆಮ್ಲದ ಗುಟ್ಟನ್ನು ನಮ್ಮ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ: ಹಬ್ಬದ ಹಿಂದಿನ ದಿನ ಹಿತ್ತಾಳೆಯ ಕೊಡಕ್ಕೆ ಹುಣಿಸೆಹಣ್ಣು ತಿಕ್ಕುವ ಕೈಯೂ ಆಮ್ಲದಿಂದ ಕಿಲುಬನ್ನು ಕರಗಿಸುವ ಅದೇ ಕೆಲಸವನ್ನು ಮಾಡುತ್ತಿರುತ್ತದೆ. ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಆಮ್ಲದಲ್ಲಿ ಅದನ್ನು ಅತಿಯಾಗಿ ನೆನೆಯಬಿಟ್ಟರೆ ಸತುವು ಕರಗಿ, ಮೇಲ್ಮೈಯಲ್ಲಿ ತಾಮ್ರದ ನಸುಗೆಂಪು ಕಲೆಗಳು ಎದ್ದು ನಿಲ್ಲುತ್ತವೆ.

ಆಮ್ಲಕ್ಕಿಂತ ಭಯಂಕರವಾದ ಶತ್ರುವೊಂದಿದೆ; ಅದರ ಕಥೆಯು ಭಾರತದ ನೆಲದಲ್ಲಿಯೇ ನಡೆದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೈನ್ಯವು ಮುಂಗಾರಿನ ತಿಂಗಳುಗಳಲ್ಲಿ ಕಾರ್ಯಾಚರಣೆ ನಿಲ್ಲಿಸಿದಾಗ ತೋಟಾಗಳನ್ನು ಕುದುರೆಲಾಯಗಳಲ್ಲಿ ದಾಸ್ತಾನು ಮಾಡುತ್ತಿದ್ದುದುಂಟು. ಮಳೆ ಕಳೆದು ತೆಗೆದು ನೋಡಿದರೆ, ಯಾರೂ ಮುಟ್ಟದೆ ಇದ್ದ ಕೋಶಗಳ ಕುತ್ತಿಗೆಗಳು ತಾವಾಗಿಯೇ ಸೀಳಿರುತ್ತಿದ್ದವು. ಹವೆಯ ದೋಷವೆಂದು ಬಹುಕಾಲ ಬಗೆದು, ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂದು ಹೆಸರಿಟ್ಟರು. ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರು 1921ರಲ್ಲಿ ಪ್ರಕಟಿಸಿದ ಸಂಶೋಧನೆಯು ನಿಜವಾದ ಕಾರಣವನ್ನು ಬಯಲಿಗೆ ತಂದಿತು. ಕುದುರೆಯ ಮೂತ್ರದಿಂದೇಳುವ ಅಮೋನಿಯಾ ತೇವದೊಡನೆ ಸೇರಿ ತಾಮ್ರವನ್ನು ಕಣಗಳ ಸಂದಿಸಂದಿಯಲ್ಲಿ ತಿನ್ನುತ್ತದೆ. ತಣ್ಣಗಿರುವಾಗಲೇ ಒತ್ತಿ ಎಳೆದು ರೂಪಿಸಿದ ಲೋಹದೊಳಗೆ ಮೊದಲೇ ಸೆರೆಯಾಗಿದ್ದ ಬಿಗುವು, ಹೀಗೆ ದುರ್ಬಲವಾದ ಜಾಗದಲ್ಲಿ ಸೀಳಿ ಹೊರಬರುತ್ತದೆ. ಎರಡರಲ್ಲಿ ಒಂದಿಲ್ಲದಿದ್ದರೂ ಬಿರುಕಿಲ್ಲ. ಸಿಪಾಯಿಗಳು ಗುಂಡಿ ಬಿಲ್ಲೆಗಳನ್ನು ಬೆಳಗುವ ಬ್ರಾಸ್ಸೊದಂಥ ಅಮೋನಿಯಾಯುಕ್ತ ದ್ರವಗಳನ್ನು ತೋಟಾಗಳಿಗೆ ಸೋಕಿಸಬಾರದೆಂದು ಈ ಕಸುಬಿನ ಹಿರಿಯರು ಹೊಸಬರಿಗೆ ಬುದ್ಧಿ ಹೇಳುವುದು ಈ ಕಾರಣದಿಂದಲೇ.

ಆ ಬಿಗುವನ್ನು ಸಡಿಲಿಸಲು ಕಾರ್ಖಾನೆಯಲ್ಲಿ ಕೋಶದ ಕುತ್ತಿಗೆಯನ್ನು ಕಾಯಿಸುತ್ತಾರೆ. ಆಗ ಅಲ್ಲಿ ನೀಲಿಕಂದು ಬಣ್ಣದ ಛಾಯೆ ಏರುತ್ತದೆ. ಸೈನ್ಯದ ತೋಟಾಗಳಲ್ಲಿ ಆ ಕಲೆಯನ್ನು ಹಾಗೆಯೇ ಬಿಡುತ್ತಾರೆ, ಕಾಯಿಸಿದ್ದಕ್ಕೆ ಅದೇ ಸಾಕ್ಷಿ. ಪೇಟೆಗೆ ಬರುವ ತೋಟಾಗಳಲ್ಲಾದರೋ, ಕೊಳ್ಳುವವರ ಕಣ್ಣಿಗೆ ಹಿತವಾಗಲೆಂದು ಅದನ್ನು ಉಜ್ಜಿ ತೆಗೆಯುವುದು ರೂಢಿ; ಗುಣದ ಗುರುತನ್ನು ಅಳಿಸಿ ಗುಣವನ್ನು ಮಾರುವ ಈ ವಿಪರೀತವನ್ನು ಕಂಡು ನಗದಿರುವುದು ಕಷ್ಟ. ಅತಿಶುದ್ಧಿಯ ಬಗೆಗೆ ಗುರಿಕಾರರಲ್ಲಿಯೇ ವಿವಾದವಿದೆ. ಮೇಜಿನ ಮೇಲೆ ಬಂದೂಕನ್ನಿರಿಸಿ ಸೂಕ್ಷ್ಮ ಗುರಿಯ ಸ್ಪರ್ಧೆ ನಡೆಸುವವರಲ್ಲಿ ಹಲವರು ಕುತ್ತಿಗೆಯ ಒಳಗಿನ ತೆಳ್ಳನೆಯ ಮಸಿಯನ್ನು ಬೇಕೆಂದೇ ಉಳಿಸಿಕೊಳ್ಳುತ್ತಾರೆ. ಅದು ಗುಂಡು ಸರಾಗವಾಗಿ ಜಾರಲು ನೆರವಾಗುತ್ತದೆ, ತೀರ ಬೋಳಾದ ಹಿತ್ತಾಳೆಯು ಗುಂಡನ್ನು ಒಂದೊಂದು ಕೋಶದಲ್ಲಿ ಒಂದೊಂದು ಬಗೆಯಾಗಿ ಹಿಡಿಯುತ್ತದೆ ಎಂಬುದು ಅವರ ವಾದ. ನನಗೂ ಈ ಪಕ್ಷವೇ ಸರಿಯೆಂದು ತೋರುತ್ತದೆ.

ಈ ಕೆಲಸದ ಧೂಳು ಮಾತ್ರ ನಿರುಪದ್ರವಿಯಲ್ಲ. ಬಹುಪಾಲು ಪ್ರೈಮರುಗಳಲ್ಲಿ ಸೀಸದ ಸಂಯುಕ್ತವಿರುವುದರಿಂದ, ಉರಿದ ಸೀಸವು ಮಸಿಯೊಡನೆ ಪುಡಿಗೆ ಇಳಿದು ಬೋಗುಣಿಯ ಮುಚ್ಚಳ ತೆರೆದೊಡನೆ ಮೂಗಿಗೇರುತ್ತದೆ. ಬಲ್ಲವರು ಟಂಬ್ಲರನ್ನು ಅಡಿಗೆಮನೆಯ ಸಮೀಪಕ್ಕೆ ತಾರದೆ, ಬಯಲಿನಲ್ಲಿ ತೆರೆದು, ಕೆಲಸ ಮುಗಿದೊಡನೆ ಕೈತೊಳೆಯುತ್ತಾರೆ. ನೀರಿನ ಕ್ರಮದಲ್ಲಿ ಧೂಳೇಳದಿದ್ದರೂ ತೊಳೆದ ನೀರಿನಲ್ಲಿ ಸೀಸ ಇದ್ದೇ ಇರುತ್ತದೆ.

ಒಣಗಿದ ಕೋಶಗಳನ್ನು ಅನಂತರ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಾರೆ. ಕಿಡಿ ಹಾಯುವ ರಂಧ್ರದಲ್ಲಿ ಜೋಳದ ದಿಂಡಿನ ಚೂರು ಸಿಕ್ಕಿಕೊಂಡಿದ್ದರೆ ಅದನ್ನು ಚುಚ್ಚಿ ತೆಗೆಯಬೇಕು. ಬುಡದಿಂದ ತುಸು ಮೇಲೆ ಸುತ್ತಲೂ ಹೊಳೆಯುವ ಗೆರೆಯೊಂದು ಕಂಡರೆ, ಒಳಗಿನ ಗೋಡೆಯು ಅಲ್ಲಿ ಸವೆದು ತೆಳುವಾಗಿದೆಯೆಂದು ಶಂಕಿಸಿ, ತುದಿ ಬಾಗಿಸಿದ ತಂತಿಯನ್ನು ಒಳಗಿಳಿಸಿ ತಡವಿ ನೋಡಬೇಕು. ತಂತಿಯು ತಗ್ಗಿನಲ್ಲಿ ತಡೆದರೆ ಆ ಕೋಶದ ಆಯುಸ್ಸು ಮುಗಿಯಿತು. ಇನ್ನೊಮ್ಮೆ ಸಿಡಿಸಿದರೆ ಅದು ಎರಡು ತುಂಡಾಗಬಹುದು. ಅಂಥದ್ದನ್ನು, ಮರೆತು ಯಾರೂ ತುಂಬದಿರಲೆಂದು, ಬಾಯನ್ನು ಇಕ್ಕಳದಿಂದ ಅಮುಕಿ ಹಳೆಯ ಹಿತ್ತಾಳೆಯ ಡಬ್ಬಕ್ಕೆ ಹಾಕುತ್ತಾರೆ.